ತೊಂಬತ್ತೇಳರ ಮುದ್ರೆ

ಎನಿಡ್ ಟ್ರೆವಾಸ್ಕಿಸ್ ಮೆಲ್ಬರ್ನಿನ ಪೂರ್ವಕ್ಕಿರುವ ಗಿಪ್ಸ್‌ಲ್ಯಾಂಡಿನ ಹಾಲಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೊಬ್ಬಿನ ಅಂಶ ಪರೀಕ್ಷಿಸಿ ನಿವೃತ್ತಳಾದವಳು. ಬೌಲ್ಸ್ ಎಂದರೆ ಹುಲ್ಲಿನ ಮೇಲೆ ಗುಂಡು ಉರುಳಿಸಿ ಬಿಳಿ ಗುರಿಚೆಂಡಿನ ಹತ್ತಿರ ನಿಲ್ಲಿಸುವ ಆಟ. ಊರಿನ ಬೌಲ್ಸ್ ಕ್ಲಬ್ಬಿನಲ್ಲಿ ಎರಡು ಗುಂಡುಗಳಲ್ಲಿ ಯಾವುದು ಗುರಿಗೆ ಹತ್ತಿರವೆಂದು ಜಗಳ ಬಿದ್ದರೆ ಟೇಪು ಅವಳ ಕೈಗೇ ಬರುತ್ತಿತ್ತು. ಅವಳು ಹೇಳಿದ ಮೇಲೆ ಯಾರೂ ಮತ್ತೆ ಅಳೆಯುತ್ತಿರಲಿಲ್ಲ.

ಅವಳಿಗಿದ್ದದ್ದು ಒಂದೇ ಆಸೆ. ಕ್ಲಬ್ಬಿನ ಗೋಡೆಯ ಮೇಲಿನ ಮರದ ಹಲಗೆಯಲ್ಲಿ, ಹೆಂಗಸರ ಚಾಂಪಿಯನ್ನರ ಸಾಲಿನಲ್ಲಿ, ತನ್ನ ಹೆಸರು ಬರಬೇಕು. ಇಪ್ಪತ್ತೆರಡು ವರ್ಷದಲ್ಲಿ ಬಂದಿರಲಿಲ್ಲ. ಆ ಬೇಸಿಗೆಯಲ್ಲಿ ಮೊದಲ ಸಲ ಫೈನಲ್ ತಲುಪಿದ್ದಳು. ಎದುರಾಳಿ ಗೆಳತಿ ಡಲ್ಸಿ. ಡಿಸೆಂಬರ್ ಇಪ್ಪತ್ತರ ಬೆಳಿಗ್ಗೆ ಆಲಿಕಲ್ಲು ಮಳೆ ಸುರಿದು ಅಂಗಳದ ಹುಲ್ಲು ನೀರಿನಲ್ಲಿ ಮುಳುಗಿತು. ಆಟ ಜನವರಿ ಹತ್ತಕ್ಕೆ ಹೋಯಿತು.

ಹೊಸ ವರ್ಷದ ದಿನ ವರಾಂಡದಲ್ಲಿ ಕುಳಿತು ನಾಲ್ಕು ಗುಂಡುಗಳನ್ನೂ ಬಟ್ಟೆಯಿಂದ ಒರೆಸುತ್ತಿದ್ದಾಗ ಮುದ್ರೆಯ ಮೇಲೆ ಅವಳ ಹೆಬ್ಬೆರಳು ನಿಂತಿತು. 97. ಈ ಆಟದ ಗುಂಡು ನೆಟ್ಟಗೆ ಹೋಗುವಂತಿಲ್ಲ, ಒಂದು ಬದಿಗೆ ಬಾಗಬೇಕು; ಬಾಗಬೇಕಾದಷ್ಟು ಬಾಗುತ್ತದೆಂದು ಪರೀಕ್ಷಕ ಒತ್ತುವ ಮುದ್ರೆ ಅದು. ಹತ್ತು ವರ್ಷ ನಡೆಯುತ್ತದೆ, ಅದರಲ್ಲಿರುವ ವರ್ಷದ ಕೊನೆಯ ದಿನ ಮುಗಿಯುತ್ತದೆ. ನಿನ್ನೆ ಮುಗಿದಿತ್ತು. ಪ್ರತಿ ಅಕ್ಟೋಬರಿನಲ್ಲಿ 'ನಿಮ್ಮ ಮುದ್ರೆ ನೋಡಿಕೊಳ್ಳಿ' ಎಂದು ಟೈಪ್ ಮಾಡಿ ಕ್ಲಬ್ಬಿನ ಸೂಚನಾ ಫಲಕಕ್ಕೆ ಚುಚ್ಚುತ್ತಿದ್ದವಳು ಅವಳೇ.

ಗಂಡ ಲೆಸ್ ನಕ್ಕುಬಿಟ್ಟ. ಅಂಪೈರ್ ನವೆಂಬರಿನಲ್ಲೇ ಎಲ್ಲರದ್ದೂ ನೋಡಿಯಾಗಿದೆ, ಇನ್ನೊಮ್ಮೆ ನೋಡುವುದಿಲ್ಲ ಎಂದ. "ನೀನಾಗಿ ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗಲ್ಲ. ಆದ್ರೆ ನೀನು ಬಿಡ್ತೀಯಲ್ಲ, ಅದೇ ಕಷ್ಟ."

ಮೆಲ್ಬರ್ನಿನ ಅಂಚಿನಲ್ಲಿದ್ದ ಪರೀಕ್ಷಕ ಐವರ್ ಕ್ವೇಲ್ ರಜೆಯಲ್ಲಿದ್ದ. ಅವಳು ಮೂರು ಸಲ ಫೋನ್ ಮಾಡಿದ ಮೇಲೆ ಷೆಡ್ಡು ತೆರೆಯಲು ಒಪ್ಪಿದ. ಒಳಗೆ ಬಟ್ಟೆ ಹೊದಿಸಿದ ಉದ್ದನೆಯ ಮೇಜು, ಒಂದು ತುದಿಗೆ ಗುಂಡು ಉರುಳಿಬಿಡುವ ಇಳಿಜಾರು ಹಲಗೆ. ಮೊದಲು ತನ್ನ ಮಾದರಿ ಗುಂಡನ್ನು ಉರುಳಿಸಿ ಅದು ಬಾಗಿ ತಲುಪಿದ ಜಾಗಕ್ಕೆ ಗುರುತು ಇಟ್ಟ; ಕಡೇಪಕ್ಷ ಅಷ್ಟಾದರೂ ಬಾಗಲೇಬೇಕು. ನಂತರ ಅವಳವು. ಮೂರು ಗುಂಡುಗಳು ಗುರುತಿನ ಆಚೆಗೇ ಬಾಗಿದವು. ನಾಲ್ಕನೆಯದು ಈಚೆಗೇ ಉಳಿಯಿತು. ಮತ್ತೆ ಬಿಟ್ಟ. ಮತ್ತೆ ಅಲ್ಲೇ.

"ಇದು ನೆಟ್ಟಗೆ ಹೋಗ್ತಿದೆ, ಮಿಸೆಸ್ ಟ್ರೆವಾಸ್ಕಿಸ್. ಯಾರಾದ್ರೂ ಉಜ್ಜಿದ್ರಾ ಇದನ್ನ?"

ಎನಿಡ್ ಆ ಗುಂಡನ್ನು ಕೈಗೆತ್ತಿಕೊಂಡಳು. ತೊಂಬತ್ತೆರಡರ ಚಳಿಗಾಲದಲ್ಲಿ ಆ ಗುಂಡು ಇಟ್ಟಿಗೆಯ ಅಂಚಿಗೆ ಬಡಿದು ತರಚಿತ್ತು. ಲೆಸ್ ಒಂದು ಇಡೀ ಭಾನುವಾರ ಕೂತು ನಯವಾದ ಮರಳು ಕಾಗದದಿಂದ ಉಜ್ಜಿ, ಕನ್ನಡಿಯಂತೆ ಮಾಡಿ ತಂದುಕೊಟ್ಟಿದ್ದ. ಆಮೇಲೆ ಅದನ್ನು ಅವಳು ಕೊನೆಯ ಎಸೆತಕ್ಕೆಂದೇ ಇಟ್ಟುಕೊಳ್ಳುತ್ತಿದ್ದಳು, ಅದು ಹೇಳಿದ ಮಾತು ಕೇಳುತ್ತದೆಂದು. ಎದುರಿನವರ ಗುಂಡುಗಳ ನಡುವಿನ ಕಿರಿದಾದ ಸಂದಿಯಲ್ಲೂ ಅದು ನುಸುಳುತ್ತಿತ್ತು. ಎನಿಡ್‌ಳ ಕೊನೆಯ ಗುಂಡು ಎಂದರೆ ಸುತ್ತಲಿನ ಕ್ಲಬ್ಬುಗಳಲ್ಲೂ ಹೆಸರಿತ್ತು. ಅವಳು ಅದನ್ನು ತನ್ನ ಕೈಚಳಕ ಎಂದುಕೊಂಡಿದ್ದಳು.

ಕ್ವೇಲ್ ಅದನ್ನು ಯಂತ್ರಕ್ಕೆ ಕೊಟ್ಟು, ಕೂದಲೆಳೆಯಷ್ಟು ಕೆತ್ತಿ, ಉಳಿದ ಮೂರಕ್ಕೆ ಸರಿಹೊಂದಿಸಿ, ನಾಲ್ಕಕ್ಕೂ ಹೊಸ ಮುದ್ರೆ ಒತ್ತಿದ. ಮನೆಗೆ ಬಂದಾಗ ಲೆಸ್ ಏನಾಯಿತೆಂದು ಕೇಳಿದ. ಎಲ್ಲವೂ ಸರಿಯಾಯಿತು ಎಂದಷ್ಟೇ ಹೇಳಿದಳು. ಆ ಭಾನುವಾರದ ವಿಷಯ ಎತ್ತಲಿಲ್ಲ.

ಮರುದಿನದಿಂದ ಒಂದು ವಾರ ಒಬ್ಬಳೇ ಅಭ್ಯಾಸ ಮಾಡಿದಳು. ತಲೆಗೆ ಹೊಸ ದಾರಿ ತಿಳಿದಿತ್ತು, ಕೈಗೆ ತಿಳಿದಿರಲಿಲ್ಲ. ಫೈನಲ್ಲಿನಲ್ಲಿ ಇಬ್ಬರೂ ಇಪ್ಪತ್ತನಾಲ್ಕಕ್ಕೆ ಬಂದು ನಿಂತರು. ಇನ್ನೊಂದು ಅಂಕ ಸಾಕಿತ್ತು. ಬಿಳಿ ಗುರಿಚೆಂಡಿನ ಪಕ್ಕ ಡಲ್ಸಿಯ ಗುಂಡು ಕೂತಿತ್ತು, ಎನಿಡ್‌ಳ ಕೈಯಲ್ಲಿ ಕೊನೆಯದು. ಅವಳು ಹಳೆಯ ದಾರಿಯಲ್ಲೇ ಬಿಟ್ಟಳು. ಕೈಬಿಟ್ಟ ಕ್ಷಣವೇ ಗೊತ್ತಾಯಿತು. ಗುಂಡು ಗುರಿಚೆಂಡಿನ ಮುಂದೆ ಅಡ್ಡಲಾಗಿ ಹಾದು ಆಚೆ ಹೋಗಿ ನಿಂತಿತು.

ಚಹಾದ ಹೊತ್ತಿಗೆ ಡಲ್ಸಿ ಎರಡು ಕಪ್ಪು, ಒಂದು ತಟ್ಟೆ ಲ್ಯಾಮಿಂಗ್ಟನ್ ಕೇಕು ತಂದು ಪಕ್ಕ ಕುಳಿತಳು. "ಕೊನೇದನ್ನ ನನಗೋಸ್ಕರ ಬಿಟ್ಟುಕೊಟ್ಯೇನೇ, ಮಾರಾಯ್ತಿ?" ಎಂದು ಭುಜಕ್ಕೆ ಭುಜ ತಾಗಿಸಿದಳು.

ಎನಿಡ್ ಮುದ್ರೆಯ ಸಂಗತಿ, ಮೇಜಿನ ಸಂಗತಿ, ಮರಳು ಕಾಗದದ ಸಂಗತಿ, ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಕೊನೆಗೆ, "ತೊಂಬತ್ತಮೂರರ ಕ್ವಾರ್ಟರ್ ಫೈನಲ್, ಡಲ್ಸಿ. ನಿನ್ನನ್ನ ಒಂದು ಅಂಕದಲ್ಲಿ ಸೋಲಿಸಿದ್ದು ಅದೇ ಗುಂಡಿನಿಂದ" ಎಂದಳು.

ಡಲ್ಸಿ ತಿನ್ನುತ್ತಿದ್ದುದನ್ನು ತಟ್ಟೆಯಲ್ಲಿಟ್ಟಳು. ಅಂಗಳದ ಕಡೆ ನೋಡಿದಳು.

"ನಿನಗೆ ಆಗ ಗೊತ್ತಿರಲಿಲ್ಲ. ಅದು ಬಿಡು. ಒಂದು ಕೇಳ್ತೀನಿ. ಇವತ್ತು ನೀನು ಗೆದ್ದಿದ್ರೆ, ಇದನ್ನ ನನ್ನ ಹತ್ರ ಹೇಳ್ತಿದ್ಯಾ?"

ಎನಿಡ್ ಒಳಗೆ ಹುಡುಕಿದಳು. ಕಾರ್ಖಾನೆಯಲ್ಲಿ ಯಾರು ಏನು ಕೇಳಿದರೂ ದಶಮಾಂಶದವರೆಗೆ ಹೇಳುತ್ತಿದ್ದವಳು ಅವಳು.

"ಗೊತ್ತಿಲ್ಲ" ಎಂದಳು.

ಡಲ್ಸಿ ತಲೆಯಾಡಿಸಿ, ತನ್ನ ಕಪ್ಪನ್ನೆತ್ತಿಕೊಂಡು ಬಹುಮಾನದ ಮೇಜಿನ ಕಡೆಗೆ ನಡೆದಳು.