ಬನ್ನಕ್ಕನ ದೋಣಿ ಬಿಚ್ಚಿದ್ದು

ಹೆತ್ತವರು ಇಟ್ಟ ಹೆಸರು ಆಕೆಗೂ ಒಂದಿತ್ತು. ಆದರೆ ಹಿನ್ನೀರಿನ ಆಚೆ ದಡದಲ್ಲಿ ಯಾರನ್ನು ಕೇಳಿದರೂ ಬನ್ನಕ್ಕ ಎಂದರೆ ಮಾತ್ರ ಗೊತ್ತಾಗುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಬೇಕರಿಯ ಹಿಂಬಾಗಿಲಿನಿಂದ ಬ್ರೆಡ್ಡು, ಬನ್ನು, ರಸ್ಕುಗಳ ಕ್ರೇಟುಗಳನ್ನು ಹೇರಿಕೊಂಡು, ತನ್ನ ಪುಟ್ಟ ಫೈಬರ್ ದೋಣಿಯಲ್ಲಿ ಮನೆಮನೆಗೆ ಮುಟ್ಟಿಸುವುದು ಆಕೆಯ ಕೆಲಸ. ಆ ಕಡೆಗೆ ರಸ್ತೆಯಿಲ್ಲ. ಬನ್ನಕ್ಕ ಬಂದರೆ ತಿಂಡಿ, ಬರದಿದ್ದರೆ ಬರೀ ಚಹಾ.

ಗಟ್ಟಿ ಹೆಂಗಸು. ಗಾಳಿ ಎದ್ದ ದಿನ ಗಂಡಸರೇ ದೋಣಿ ಕಟ್ಟಿಹಾಕಿ ಬೀಡಿ ಸೇದುತ್ತ ಕೂತಿದ್ದರೂ ಈಕೆ ತಲೆಗೆ ಬಟ್ಟೆ ಬಿಗಿದು ಹೊರಟುಬಿಡುವಳು. ಹೆದರಿಕೆಯೆಲ್ಲ ಆ ಮನೆಯಲ್ಲಿ ಗಂಡನ ಪಾಲಿಗೇ ಬಂದಿತ್ತು. ಆತ ದರ್ಜಿ. ನೀರು ಕಂಡರೆ ಮಾರು ದೂರ. ಮದುವೆಯಾದಾಗಿನಿಂದ ಹೆಂಡತಿಯ ದೋಣಿ ನೀರಿನಲ್ಲಿದ್ದಾಗ ಒಂದು ಸಲವೂ ಅದಕ್ಕೆ ಕಾಲಿಟ್ಟವನಲ್ಲ.

ಇಂಥ ಬನ್ನಕ್ಕನಿಗೂ ಒಂದು ದಿನ ತಲೆ ಬಾಚಲು ತೋಳೆತ್ತಲಾಗದೆ ಹೋಯಿತು. ದೋಣಿಯ ಹಿಂತುದಿಯಲ್ಲಿ ಎಂಜಿನ್. ಅದರ ಹಿಡಿಯನ್ನು ಹಿಡಿದು, ಅರ್ಧ ತಿರುಗಿ ಕೂತು, ಎದುರಿಗೆ ಪೇರಿಸಿದ ಕ್ರೇಟುಗಳ ಮೇಲಿಂದ ಕೊಕ್ಕರೆಯ ಹಾಗೆ ಕತ್ತು ಚಾಚಿ ಓಡಿಸಬೇಕು. ವರ್ಷಗಟ್ಟಲೆ ಹೀಗೆ ಓಡಿಸಿದ ಮೇಲೆ ಭುಜ ಮುಷ್ಕರ ಹೂಡಿತು.

ನೀರಿನಂಚಿನಲ್ಲೇ ಆಕೆಯ ತಮ್ಮನ ಶೆಡ್ಡು. ಅವನ ಕಸುಬು ಫೈಬರ್ ದೋಣಿಗಳ ರಿಪೇರಿ.

"ಈ ನಡುವಿನ ಹಲಗೆ ಕಿತ್ಹಾಕು," ಎಂದಳು ಬನ್ನಕ್ಕ. "ಅಲ್ಲೊಂದು ಸ್ಟೇರಿಂಗ್ ನಿಲ್ಸು. ನಾನು ನಿಂತ್ಕೊಂಡು ಓಡಿಸ್ತೀನಿ. ಕ್ರೇಟು ಹಿಂದಿಷ್ಟು ಮುಂದಿಷ್ಟು ಇಟ್ಕೋತೀನಿ."

"ಅಕ್ಕಾ, ಅದು ಬರೀ ಕೂರೋ ಹಲಗೆ ಅಲ್ಲ. ಎರಡೂ ಮಗ್ಗುಲು ಹಿಡ್ಕೊಂಡಿರೋದೇ ಅದು. ಒಳಗಡೆ ತೇಲೋದಕ್ಕೆ ಅಂತ ಫೋಮ್ ತುಂಬಿರ್ತಾರೆ. ಕಿತ್ರೆ ದೋಣಿ ಬಳುಕುತ್ತೆ."

"ಬಳುಕದ ಹಾಗೆ ಮಾಡು. ನಿನ್ನ ಎತ್ತಿ ಆಡಿಸಿದ ತೋಳು ಕಣೋ ಇದು."

ತಮ್ಮ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೋಣಿ ಬರೆದ. ಸ್ಟೇರಿಂಗ್ ಇಲ್ಲಿ, ಪೆಟ್ರೋಲ್ ಡಬ್ಬ ಅಲ್ಲಿ, ಹಲಗೆಯ ಬದಲು ತಳಕ್ಕೆ ಅಡ್ಡಪಟ್ಟಿಗಳು ಇಲ್ಲಿ ಎಂದು ಗುರುತು ಹಾಕಿದ. ಎರಡು ಸಲ ಒರೆಸಿ ಮತ್ತೆ ಬರೆದ ಮೇಲೆ ಬನ್ನಕ್ಕ ಒಪ್ಪಿದಳು.

ಮಾರನೆಯ ದಿನ ಹಲಗೆ ಕೊಯ್ಯುವಾಗ ಆಕೆಯೂ ಪಕ್ಕದಲ್ಲೇ ನಿಂತಿದ್ದಳು. ಗ್ರೈಂಡರ್ ಬ್ಲೇಡು ಒಳಹೊಕ್ಕಿತೋ ಇಲ್ಲವೋ, ಸೀಳಿನಿಂದ ಕರೀ ನೀರು ಬಳಬಳ ಸುರಿಯಿತು. ತಮ್ಮ ಯಂತ್ರ ನಿಲ್ಲಿಸಿದ. ಮುಚ್ಚಳ ಎಬ್ಬಿಸಿ ಒಳಗೆ ಕೈಹಾಕಿ ಒಂದು ಹಿಡಿ ಫೋಮ್ ಕಿತ್ತು ಹಿಂಡಿದ. ಪಾತ್ರೆ ತೊಳೆಯುವ ಸ್ಪಂಜಿನಂತೆ ನೀರಿಳಿಯಿತು.

ಅವನ ಮುಖದ ಬಣ್ಣವೇ ಬದಲಾಯಿತು. ಹಿಂಬದಿಗೆ ಹೋಗಿ, ಎಂಜಿನ್ ತೂಗುಹಾಕುವ ದಪ್ಪ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದ. ಟಣ್ ಎನ್ನಬೇಕಾದದ್ದು ಡಬ್ ಎಂದಿತು. ಸ್ಕ್ರೂಡ್ರೈವರ್ ಒತ್ತಿದ. ಹಿಡಿಯವರೆಗೂ ಇಳಿದುಹೋಯಿತು.

"ಇದೇನೋ ಇದು?"

"ಮರ ಇಲ್ಲ ಅಕ್ಕಾ. ಮೇಲಿನ ಫೈಬರ್ ಸಿಪ್ಪೆ ಮಾತ್ರ ಉಳ್ಕೊಂಡಿದೆ."

ಬನ್ನಕ್ಕ ತಾನೇ ಬೆರಳು ತೂರಿಸಿದಳು. ಚಹಾದಲ್ಲಿ ಅದ್ದಿ ಮರೆತ ರಸ್ಕಿನ ಹಾಗೆ ಒಳಗೆಲ್ಲ ಮುದ್ದೆ. ಉಗುರಿನಲ್ಲಿ ಕಂದು ರಾಡಿ ಮೆತ್ತಿ ಬಂತು.

ಆಕೆಯ ಕಣ್ಣಿಗೆ ಬಂದದ್ದು ತನ್ನ ಕ್ರೇಟುಗಳಲ್ಲ, ಸೊಸೆ. ಅವಳಿಗೆ ಹೆರಿಗೆ ನೋವು ಕಾಣಿಸಿಕೊಂಡಾಗ ಆಸ್ಪತ್ರೆಗೆ ಇದೇ ದೋಣಿಯಲ್ಲಿ ಕೂರಿಸಿಕೊಂಡು, ಎಂಜಿನ್ನಿನ ಕಿವಿ ಹಿಂಡಿ ಹಿಂಡಿ ಓಡಿಸಿದ್ದಳು. "ಹೆದರ್ಬೇಡ, ನಾನಿಲ್ವಾ" ಎಂದು ದಾರಿಯುದ್ದಕ್ಕೂ ಹೇಳಿದ್ದಳು. ಆವತ್ತು ಎಂಜಿನ್ ಈ ಮುದ್ದೆಯನ್ನು ಕಿತ್ತುಕೊಂಡು ಬಿದ್ದಿದ್ದರೆ? ತೇಲಿಸಬೇಕಾದ ಫೋಮೇ ಕಲ್ಲಾಗಿ ಕೂತಿತ್ತಲ್ಲ! ಬನ್ನಕ್ಕ ಪೇಂಟಿನ ಡಬ್ಬವೊಂದರ ಮೇಲೆ ಕುಸಿದಳು.

ಸಿಟ್ಟು ನೆತ್ತಿಗೇರಿದ ತಮ್ಮ ಹಿಂದಿನ ಹಲಗೆಯನ್ನೇ ದಿಟ್ಟಿಸುತ್ತಿದ್ದ. ಅಲ್ಲಿ ಬೆನ್ನೊರಗಿಸುವ ಮೆತ್ತೆಯೊಂದನ್ನು ಸ್ಕ್ರೂ ಹೊಡೆದು ಕೂರಿಸಿತ್ತು. ನಡುವಿನ ಹಲಗೆಗೂ ಅಂಥದ್ದೇ ಮೆತ್ತೆ, ಅಂಥವೇ ಸ್ಕ್ರೂಗಳು. ಸುತ್ತ ಅಂಟಿಲ್ಲ, ಮೇಣವಿಲ್ಲ. "ಒಂದೊಂದು ತೂತಿಂದಾನೂ ನೀರು ಕುಡಿದಿದೆ. ಯಾವ ಪುಣ್ಯಾತ್ಮ ಅಕ್ಕಾ ಇದನ್ನ ಹೊಡೆದಿದ್ದು?"

"ನಾನೇ," ಎಂದಿತು ಬಾಗಿಲಿನಿಂದ ಒಂದು ದನಿ.

ಚಹಾದ ಫ್ಲಾಸ್ಕು ಹಿಡಿದು ದರ್ಜಿ ನಿಂತಿದ್ದ. ಹೆಂಡತಿಗೆ ಬೆನ್ನು ನೋವೆಂದು ಆತನೇ ಬಟ್ಟೆ ಅಳೆದು, ಹತ್ತಿ ತುಂಬಿ ಹೊಲಿದ ಮೆತ್ತೆಗಳವು. ದೋಣಿಯನ್ನು ದಡಕ್ಕೆ ಎಳೆದಿಟ್ಟಿದ್ದಾಗ ತಾನೇ ಕೂರಿಸಿ ಹೋಗಿದ್ದ. ಈಗ ಆತ ಹತ್ತಿರ ಬಂದು ತೂತು ನೋಡಿದ, ನೆಲದ ಮೇಲಿನ ಕರೀ ನೀರು ನೋಡಿದ.

"ಇಷ್ಟು ದಿನ ನಾನು... ನಾನೇ ನಿನ್ನ ಮುಳುಗಿಸ್ತಿದ್ನೇನೇ?"

"ಮುಳುಗಿದೀನಾ? ಇಲ್ಲೇ ಕೂತಿದೀನಲ್ರೀ," ಎಂದು ಗದರಿ ಬನ್ನಕ್ಕ ಆತನ ಕೈಯಿಂದ ಫ್ಲಾಸ್ಕು ಇಸಿದುಕೊಂಡಳು.

"ಭಾವ, ನೀವು ಬೇಕೂಂತ ಮಾಡಿದ್ದಲ್ಲ ಬಿಡಿ," ಎಂದು ತಮ್ಮ ಸುತ್ತಿಗೆ ಕೆಳಗಿಟ್ಟ. ಆದರೆ ದರ್ಜಿ ಆ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಮನೆಗೆ ಹೋಗಿ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದವನು ಮತ್ತೆ ತೆಗೆಯಲೇ ಇಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಉಂಡದ್ದು ಏನೆಂದು ಕೇಳಿದರೆ ಹೇಳಲಾರ.

ಕೆಲಸ ಮುಗಿಯುವವರೆಗೂ ದಿನವೂ ಶೆಡ್ಡಿಗೆ ಬಂದ. ಕೊಳೆತ ಮರವನ್ನು ಕೆರೆದು ತೆಗೆದ, ನೆಂದ ಫೋಮನ್ನು ಬುಟ್ಟಿಗಟ್ಟಲೆ ಹೊತ್ತ, ಮರಳುಕಾಗದ ಉಜ್ಜಿದ. ಫೈಬರ್ ಧೂಳಿಗೆ ಮೈಯೆಲ್ಲ ತುರಿಸಿ ದದ್ದು ಎದ್ದರೂ ಬೇಡವೆನ್ನಲಿಲ್ಲ. ತಮ್ಮ ಹಿಂದಕ್ಕೆ ಹೊಸ ಹಲಗೆ ಕೂರಿಸಿದ, ತಳಕ್ಕೆ ಪಟ್ಟಿ ಕಟ್ಟಿದ, ಮಗ್ಗುಲುಗಳಿಗೆ ಹೊಸ ಫೋಮ್ ತುಂಬಿದ, ನಡುವೆ ಸ್ಟೇರಿಂಗ್ ನಿಲ್ಲಿಸಿದ.

ನೀರಿಗಿಳಿಸಿದ ದಿನ ಮತ್ತೊಂದು ಆಘಾತ ಕಾದಿತ್ತು. ಹೊಟ್ಟೆಯೊಳಗಿನ ನೀರಿನ ಭಾರ ಕಳಚಿದ ದೋಣಿ, ಬನ್ನಕ್ಕ ವೇಗ ಕೊಟ್ಟದ್ದೇ ತಡ, ಹಗ್ಗ ಬಿಚ್ಚಿದ ಕರುವಿನಂತೆ ಜಿಗಿಯಿತು. ಎದುರಿಗೇ, ತುಸು ಬಲಕ್ಕೆ, ಕಟ್ಟೆಯ ಕಂಬ. ಎಂಜಿನ್ನಿನ ಹಿಡಿಯಾದರೆ ಎಡಕ್ಕೆ ದೂಡಿದರೆ ದೋಣಿ ಬಲಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಆ ಲೆಕ್ಕಕ್ಕೆ ಪಳಗಿದ ಕೈ ಚಕ್ರವನ್ನೂ ಹಾಗೆಯೇ ತಿರುಗಿಸಿತು. ಎಡಕ್ಕೆ ತಪ್ಪಿಸಿಕೊಳ್ಳಬೇಕಾದ ದೋಣಿ ಬಲಕ್ಕೇ ತಿರುಗಿ ಹೋಗಿ ಕಂಬಕ್ಕೆ ಮುದ್ದಿಟ್ಟಿತು.

"ಅಯ್ಯೋ, ಬಣ್ಣ ಇನ್ನೂ ಒಣಗಿಲ್ವಲ್ಲೇ ಅಕ್ಕಾ!" ಎಂದು ತಮ್ಮ ತಲೆಯ ಮೇಲೆ ಕೈಹೊತ್ತ.

ಕ್ರೇಟು ತಬ್ಬಿಕೊಂಡು ಬಿದ್ದಿದ್ದ ಬನ್ನಕ್ಕ ಎದ್ದು ದಡದ ಕಡೆ ನೋಡಿದಳು. ಗಂಡ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ! ಯಾವಾಗ ಇಳಿದನೋ ಆತನಿಗೇ ತಿಳಿಯದು.

"ಬಂದದ್ದು ಬಂದಿರಿ, ಹತ್ತಿ," ಎಂದಳು.

ಆತ ಹತ್ತಿದ. ಕ್ರೇಟುಗಳ ನಡುವೆ ಕೂತು ಎರಡೂ ಅಂಚನ್ನು ಗಟ್ಟಿಯಾಗಿ ಹಿಡಿದ. ಬನ್ನಕ್ಕ ತನ್ನ ಕೈಗೆ ಎಡ ಬಲ ಹೇಳಿಕೊಡುತ್ತ ನಿಧಾನಕ್ಕೆ ಹೊರಟಳು. ಬೇಕರಿಯ ಹೊಗೆಕೊಳವೆ ಚಿಕ್ಕದಾಯಿತು, ತಮ್ಮನ ಶೆಡ್ಡು ಬೆಂಕಿಪೊಟ್ಟಣವಾಯಿತು, ಆಚೆ ದಡ ಮಾತ್ರ ಹತ್ತಿರವಾಗುವ ಹಾಗೆ ಕಾಣಲಿಲ್ಲ. ಸುತ್ತ ಎಲ್ಲೆಲ್ಲೂ ನೀರು. ಕೊನೆಗೆ ದರ್ಜಿ ಹೆಂಡತಿಯ ಕಡೆ ತಿರುಗಿ, ಆಕೆಯನ್ನು ಅದೇ ಮೊದಲ ಸಲ ನೋಡಿದವನಂತೆ ಕೇಳಿದ:

"ದಿನಾ ಇಷ್ಟು ದೂರ ಬರ್ತಿದ್ಯಾ ನೀನು? ಒಬ್ಳೇ?"