ಅಗಸಿ ಹಾಕಬ್ಯಾಡ್ರಿ

ಪಾಮರ್ಸ್ಟನ್ ನಾರ್ತ್‌ನಲ್ಲಿ ನಾನು ಕೆಲಸ ಮಾಡುವ ಹಾಲು ಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಪಕ್ಕದ ಬೆಂಚಿನವಳು ಕರಾಚಿಯಲ್ಲಿ ಹುಟ್ಟಿದವಳು. ಏಳು ವರ್ಷಗಳಿಂದ ಒಂದೇ ಮೈಕ್ರೋವೇವಿನಲ್ಲಿ ಡಬ್ಬಿ ಬಿಸಿ ಮಾಡಿಕೊಂಡು, ನನ್ನ ಹಿಂದಿಗೆ ಅವಳ ಉರ್ದು ಕಲಸಿ ಮಾತಾಡುತ್ತ ಬಂದವರು ನಾವು. ಮಕ್ಕಳ ಶಾಲೆ, ಅತ್ತೆಯರ ಮಂಡಿನೋವು, ಈ ಊರಿನ ಬಿಡದ ಗಾಳಿ, ಎಲ್ಲದರ ಬಗ್ಗೆಯೂ ಮಾತಾಡುತ್ತೇವೆ. ಮಾತಾಡದ ವಿಷಯ ಒಂದೇ. ಗಡಿಯಲ್ಲಿ ಕ್ಷಿಪಣಿಗಳು ಹಾರಿದ ವಾರ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಊಟ ಮಾಡಿದೆವು. ಮುಂದಿನ ವಾರ ಅವಳು ಒಂದು ಡಬ್ಬಿ ಖೀರು ತಂದು ನನ್ನ ಬೆಂಚಿನ ಮೇಲಿಟ್ಟಳು. ಅಲ್ಲಿಗೆ ಅದು ಮುಗಿಯಿತು ಅಂದುಕೊಂಡಿದ್ದೆ.

ಆ ಚಳಿಗಾಲ ಅವಳ ಮನೆಯಲ್ಲೇ ಇದ್ದ ಅವಳ ತಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ವಯಸ್ಸು ಎಂಬತ್ತೈದರ ಆಸುಪಾಸು. ಆಪರೇಷನ್ ಆದ ಮೂರನೆಯ ದಿನ ಅವಳು ಕೆಂಪಗಾದ ಕಣ್ಣುಗಳಲ್ಲೇ ಕೆಲಸಕ್ಕೆ ಬಂದಳು.

"ನಮ್ಮ ಅಬ್ಬಾ ಏನೋ ಬಡಬಡಿಸ್ತಾ ಇದಾರೆ. ಆಪರೇಷನ್ ಆದ ಮೇಲೆ ವಯಸ್ಸಾದವರಿಗೆ ಹೀಗೆ ತಲೆ ಕೆಡೋದುಂಟು, ಸರಿಹೋಗುತ್ತೆ ಅಂತಾರೆ ಡಾಕ್ಟರು. ಆದ್ರೆ ಅದು ಉರ್ದು ಅಲ್ಲ, ಇಂಗ್ಲಿಷೂ ಅಲ್ಲ. ನೀನು ನಿನ್ನ ಸೋದರತ್ತೆ ಜೊತೆ ಫೋನಲ್ಲಿ ಮಾತಾಡ್ತೀಯಲ್ಲ, ಆ ಥರ ಕೇಳುತ್ತೆ," ಎಂದಳು.

"ನಿಮ್ಮವರು ಹೈದರಾಬಾದಿನ ಕಡೆಯವರು ಅಂತ ನೀನೇ ಹೇಳಿದ್ದೆ. ತೆಲುಗು ಇರಬೇಕು."

"ಒಂದ್ಸಲ ಬಂದು ಕೇಳು."

ಕೆಲಸ ಮುಗಿಸಿ ಅವಳ ಕಾರಿನಲ್ಲೇ ಆಸ್ಪತ್ರೆಗೆ ಹೋದೆ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಸಣಕಲು ಮೈಯ, ಬಿಳಿ ಗಡ್ಡದ ಮುದುಕರು. ಹಾಸಿಗೆಯ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸುತ್ತಿದ್ದರು.

"ನಿಂದರ್ರಿ," ಎಂದರು. "ಅಗಸಿ ಹಾಕಬ್ಯಾಡ್ರಿ. ನಮ್ಮವ್ವ ಹಿಂದ ಬರ್ಲಾಕತ್ತಾಳ."

ಅದು ಬರೀ ಕನ್ನಡವಲ್ಲ, ನನ್ನ ಕಲಬುರಗಿ ಸೀಮೆಯ ಕನ್ನಡ. ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳೊಂದಿಗೆ ನಾನು ಆಡುವುದನ್ನೇ ಬಿಟ್ಟ ಮಾತು. ಅಗಸಿ ಎಂದರೆ ನಮ್ಮ ಕಡೆ ಊರ ಹೆಬ್ಬಾಗಿಲು. ಕೇಡುಗಾಲದಲ್ಲಿ ಊರು ಮೊದಲು ಮುಚ್ಚುತ್ತಿದ್ದುದು ಅದನ್ನೇ.

"ತಿಳೀತಾ? ಏನಂತಾರೆ?" ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇದು ಕನ್ನಡ," ಎಂದೆ. "ನೀರು ಕೇಳ್ತಾ ಇದಾರೆ."

ಅವಳು ಲೋಟ ತಂದು ತುಟಿಗೆ ಹಿಡಿದಳು. ಅವರು ಬಾಯಿ ಬಿಗಿದು ಮುಖ ಆಚೆ ತಿರುಗಿಸಿದರು.

ಯಾಕೆ ಸುಳ್ಳು ಹೇಳಿದೆನೋ ನನಗೆ ಆಗ ಹೊಳೆಯಲಿಲ್ಲ. ಮನೆಗೆ ಬಂದು ಅಕ್ಕಿ ತೊಳೆದವಳು ಒಲೆಗಿಡುವುದನ್ನು ಮರೆತೆ. ಹೊರಗೆ ಹೋಗಿ ಒಣಗದ ಬಟ್ಟೆ ತೆಗೆದೆ, ಮತ್ತೆ ಹಾಕಿದೆ.

ನಾನು ಬೆಳೆದದ್ದು ನಮ್ಮಜ್ಜಿಯ ಕಥೆ ಕೇಳಿಕೊಂಡು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ನಿಜಾಮರ ಸೀಮೆಯ ನಮಗೆ ಬರಲಿಲ್ಲ. ನಿಜಾಮರ ಪರ ಹೊಡೆದಾಡುತ್ತಿದ್ದ ರಜಾಕಾರರು ಬಂದು ನಮ್ಮ ಬಣವೆಗೆ ಬೆಂಕಿಯಿಟ್ಟರು. ಅಜ್ಜಿ ತಿಂಗಳ ಕೂಸಿನ ಬಾಯಿಗೆ ಕೈ ಅಡ್ಡ ಹಿಡಿದು ಜೋಳದ ಹೊಲದಲ್ಲಿ ಹಗಲೆಲ್ಲ ಕೂತಳು. ಆ ಕೂಸೇ ಈಗ ಕಲಬುರಗಿಯಲ್ಲಿರುವ ನನ್ನ ಸೋದರತ್ತೆ. ಮುಂದಿನ ವರ್ಷ ಹಿಂದೂಸ್ತಾನದ ಮಿಲಿಟರಿ ಬಂತು, ನಮ್ಮ ಜೀವ ತಿರುಗಿ ಬಂತು ಎಂಬಲ್ಲಿಗೆ ಅಜ್ಜಿಯ ಕಥೆ ಮುಗಿಯುತ್ತಿತ್ತು. ಆ ಕಥೆಯಲ್ಲಿ ಮುಸಲ್ಮಾನರು ಕುದುರೆ ಮೇಲೆ ಬಂದರೇ ಹೊರತು, ಅವರ ಒಂದು ಮಗು ಹೆಬ್ಬಾಗಿಲ ಹತ್ತಿರ ನಿಂತು ತಾಯಿಗಾಗಿ ಕಾದದ್ದು ಎಲ್ಲೂ ಇರಲಿಲ್ಲ. ನಾನೂ ಕೇಳಿರಲಿಲ್ಲ. ಮಿಲಿಟರಿ ಬಂದ ಮೇಲೆ ಊರೂರಲ್ಲಿ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಂಡರು ಎಂಬುದನ್ನು ದೊಡ್ಡವಳಾದ ಮೇಲೆ ಎಲ್ಲೋ ಓದಿದ್ದೆ, ಅಷ್ಟೇ.

ಮರುದಿನವೂ ಆಸ್ಪತ್ರೆಗೆ ಹೋದೆ, ಅದರ ಮರುದಿನವೂ. ನರ್ಸುಗಳಿಗೆ ಸಹಾಯವಾಗಲಿ ಅಂತ ಬರುತ್ತಿದ್ದೇನೆ ಎಂದು ಗೆಳತಿಗೆ ಹೇಳಿದೆ. ಶನಿವಾರ ಮಧ್ಯಾಹ್ನ ಅವಳಿರಲಿಲ್ಲ. ಮುದುಕರು ನನ್ನ ಕೈ ಹಿಡಿದುಕೊಂಡರು.

"ಯವ್ವಾ, ಒಂದೀಟ ಒಳಗ ಕರಕೋ. ಸಪ್ಪಳ ಮಾಡಂಗಿಲ್ಲ ನಾ."

ನನ್ನನ್ನು ಯಾರೆಂದುಕೊಂಡಿದ್ದರೋ. ಯಾವ ಮನೆಯ ಯಾವ ಹೆಂಗಸೋ. "ಬಾ ನನ್ನಪ್ಪಾ, ಒಳಗ ಬಾ," ಎಂದೆ. ಅವರ ಕೈ ಸಡಿಲವಾಯಿತು, ನಿದ್ದೆ ಹೋದರು. ನನಗೆ ಮಾತ್ರ ಅಲ್ಲಿ ಕೂರಲಾಗಲಿಲ್ಲ. ಸೈಕಲ್ ಹತ್ತಿ ಮನೆಯ ದಾರಿ ಬಿಟ್ಟು ನದಿಯ ದಂಡೆಯುದ್ದಕ್ಕೂ ಎದುರುಗಾಳಿಯಲ್ಲಿ ತುಳಿಯುತ್ತ ಹೋದೆ. ಆ ಹುಡುಗ ನಿಜವಾಗಿ ಹಾಗೆ ಬೇಡಿಕೊಂಡ ದಿನ ಆ ಹೆಂಗಸು ಏನಂದಿದ್ದಳು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಭಾನುವಾರ ಸೋದರತ್ತೆಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಹೊತ್ತು.

"ಅತ್ತಿ, ಮಿಲ್ಟ್ರಿ ಬಂದ ಮ್ಯಾಲ ನಮ್ಮೂರಾಗಿನ ಸಾಬರು ಎಲ್ಲಿ ಹೋದ್ರು?"

"ಈಗ್ಯಾಕ ಅದು?"

"ಸುಮ್ನ ಕೇಳಿದೆ."

"ಹೋದ್ರವ್ವ. ಕೆಲವರು ಹೈದ್ರಾಬಾದಕ್ಕ, ಕೆಲವರು ಪಾಕಿಸ್ತಾನಕ್ಕ."

"ಹೋಗಲಾರದವರು?"

ಕುಕ್ಕರಿನ ಸೀಟಿ ಕೇಳಿಸಿತು. ಅತ್ತೆ ಎದ್ದು ಹೋಗಿ ಅದನ್ನು ಆರಿಸಿ ಬಂದಳು.

"ನಮ್ಮಪ್ಪ ಮೂರು ದಿನ ಮನಿ ಬಿಟ್ಟು ಹೊರಗ ಬರಲಿಲ್ಲಂತ. ಅವ್ವ ಅಷ್ಟ ಹೇಳ್ಯಾಳ. ಊರಾಗ ಏನ್ ಆಯ್ತವ್ವಾ ಅಂತ ಕೇಳಿದ್ರ, ನಾ ಏನೂ ನೋಡಿಲ್ಲ ಅಂತಿದ್ಲು. ಬಾಗಲಾ ಹಾಕ್ಕೊಂಡು ಕುಂತವರಿಗಿ ಏನ್ ಕಾಣ್ತದ?"

ಸೋಮವಾರ ಊಟದ ಹೊತ್ತಿಗೆ ಗೆಳತಿಯ ಎದುರು ಕೂತು ಎಲ್ಲ ಹೇಳಿದೆ. ಅವರು ಕೇಳಿದ್ದು ನೀರಲ್ಲ ಎಂದೆ. ಅವರ ಮಾತನ್ನು ಹಿಂದಿಯಲ್ಲಿ ಹೇಳುವಾಗ ಅದು ಬೇರೆ ಯಾರದೋ ಮಾತಿನಂತೆ ಕೇಳಿತು. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಯಾರು ಬಾಗಿಲು ಹಾಕಿದ್ದು?"

"ಗೊತ್ತಿಲ್ಲ. ನಮ್ಮವರೇ ಇರಬೇಕು."

"ನನ್ನ ದಾದಿ, ಅಬ್ಬಾನ ತಾಯಿ, ರೈಲಿನಲ್ಲಿ ಜ್ವರ ಬಂದು ತೀರಿಕೊಂಡರು ಅಂತ ನಮಗೆ ಹೇಳಿದ್ರು. ಗೋರಿ ಎಲ್ಲಿದೆ ಅಂತ ಕೇಳಿದ್ರೆ ಅಬ್ಬಾ ಬೈತಿದ್ರು." ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಅಪ್ಪನ ವಿಷಯ ನನಗಿಂತ ಮೊದಲು ನಿನಗೆ ಗೊತ್ತಾಯ್ತು. ಒಂದು ವಾರ ಅದನ್ನ ಇಟ್ಟುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದೆ."

ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ನಾನು ಒಂದೇ ಸ್ಯಾಂಪಲನ್ನು ಎರಡು ಸಲ ಪರೀಕ್ಷೆ ಮಾಡಿ ಸೂಪರ್‌ವೈಸರ್‌ನಿಂದ ಮಾತು ಕೇಳಿದೆ. ಮೂರನೆಯ ದಿನ ಅವಳು ಕೈಗವಸಿನ ಖಾಲಿ ಪೆಟ್ಟಿಗೆ, ಪೆನ್ನು ತಂದು ನನ್ನ ಮುಂದಿಟ್ಟಳು.

"ಬಾಗಿಲು ತೆರೆದಿದೆ ಅಂತ ನಿಮ್ಮ ಭಾಷೇಲಿ ಹೇಗೆ ಹೇಳೋದು? ಬರೆದುಕೊಡು."

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟೆ. ಕಾರಿನಲ್ಲಿ ಆಸ್ಪತ್ರೆಯವರೆಗೂ ಅವಳು ಅದನ್ನೇ ಹೇಳಿಕೊಂಡಳು. ಹಾಸಿಗೆಯ ಹತ್ತಿರ ಬಾಗಿ, "ಅಬ್ಬಾ, ಅಗಸಿ ತೆರದದ," ಎಂದಳು. ಅವರು ಕಂಬಿ ಬಿಟ್ಟು ಅವಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸ್ಪಷ್ಟವಾದ ಉರ್ದುವಿನಲ್ಲಿ, "ಇದನ್ನ ನಿನಗೆ ಯಾರು ಕಲಿಸಿದ್ರು?" ಎಂದು ಕೇಳಿದರು.

ದಿನ ಕಳೆದಂತೆ ಅವರ ತಲೆ ತಿಳಿಯಾಯಿತು. ಮಗಳ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಬಿಸಿಲಿಗೆ ಕೂತಿದ್ದಾಗ ನಾನು ಕನ್ನಡದಲ್ಲೇ ಮಾತಾಡಿಸಿದೆ. ನಕ್ಕರು. ಎಪ್ಪತ್ತು ವರ್ಷ ನಾಲಿಗೆಗೆ ಬಾರದ್ದು ಎಲ್ಲಿತ್ತೋ ಎಂದರು.

"ಯಾವೂರ್ರಿ ನಿಮ್ಮದು?" ಕೇಳಿಯೇಬಿಟ್ಟೆ.

"ಹೆಸರ ಹೇಳಂಗಿಲ್ಲ ತಂಗಿ."

"ಯಾಕ್ರಿ?"

"ಹೇಳಿದ್ರ ನೀ ಹೋಗಿ ಕೇಳತಿ. ಕೇಳಿದ್ರ ಯಾರರೆ ತಲಿ ತಗ್ಗಸಬೇಕಾಗ್ತದ. ಮಾಡಿದವರು ಸತ್ತು ಹೋಗ್ಯಾರ. ಮಮ್ಮಕ್ಕಳು ಏನ್ ಮಾಡ್ಯಾರ ಪಾಪ." ಆಮೇಲೆ ತಾವೇ ಕೇಳಿದರು, "ನಿಮ್ಮೂರು ಯಾವದು?"

ನನ್ನ ಊರಿನ ಹೆಸರು ಹೇಳಹೊರಟವಳು ತಡೆದೆ. ಅದೇ ಊರಾಗಿದ್ದು ಅವರ ಮುಖ ಬದಲಾದರೆ ಏನು ಮಾಡುವುದು? "ಕಲಬುರಗಿ ಕಡೆರೀ," ಎಂದೆ, ಅಷ್ಟೇ. ಅವರು ತಲೆಯಾಡಿಸಿದರು, ಮತ್ತೆ ಕೇಳಲಿಲ್ಲ. ನಾನು ಮುಚ್ಚಿಟ್ಟದ್ದು ಅವರಿಗೆ ತಿಳಿಯಿತೆಂದೇ ನನಗೆ ಅನಿಸುತ್ತದೆ.

ವಸಂತದಲ್ಲಿ ನ್ಯುಮೋನಿಯಾ ಆಗಿ ಅವರು ತೀರಿಕೊಂಡರು. ಮಣ್ಣು ಕೊಟ್ಟ ದಿನ ಗಾಳಿಗೆ ಹೆಂಗಸರ ದುಪಟ್ಟಾಗಳು ನಿಲ್ಲುತ್ತಿರಲಿಲ್ಲ. ತಿಂಗಳಾದ ಮೇಲೆ ಗೆಳತಿ ಲ್ಯಾಪ್‌ಟಾಪ್ ಹಿಡಿದು ನಮ್ಮನೆಗೆ ಬಂದಳು. ಇಂಡಿಯಾಕ್ಕೆ ಹೋಗಬೇಕು, ವೀಸಾ ಅರ್ಜಿ ತುಂಬಿಸಲು ಜೊತೆಗಿರು ಎಂದಳು. ತಂದೆ ಹುಟ್ಟಿದ ದೇಶ ಎಂಬಲ್ಲಿಗೆ ಬಂದಾಗ ಇಬ್ಬರೂ ನಿಂತೆವು. ಅವರು ಹುಟ್ಟಿದ್ದು ನಿಜಾಮರ ರಾಜ್ಯದಲ್ಲಿ. ಪಟ್ಟಿಯಲ್ಲಿ ಆ ಹೆಸರಿಲ್ಲ. ಕೊನೆಗೆ ಇಂಡಿಯಾ ಎಂದು ಒತ್ತಿದಳು. ಊರು ಯಾವುದೆಂದು ಗೊತ್ತಿಲ್ಲದ್ದಕ್ಕೆ ಅಲ್ಲಿ ಕಲಬುರಗಿಯ ಹಳೆಯ ಹೆಸರು ಗುಲ್ಬರ್ಗ ಎಂದು ಬರೆದಳು.

"ವೀಸಾ ಬಂದರೆ ನೀನೂ ಬಾ. ನಿಮ್ಮೂರಿಂದಲೇ ಶುರು ಮಾಡೋಣ, ನಿಮ್ಮತ್ತೆಯನ್ನ ಕೇಳಬಹುದಲ್ಲ," ಎಂದಳು.

ಹೂಂ ಅಂದೆ. ಅತ್ತೆಗೆ ಫೋನ್ ಮಾಡಿ ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಅಂತ ಹೇಳಿದೆ.

"ಬರ್ಲಿ. ನಾಕು ದಿನ ಇರ್ಲಿ, ರೊಟ್ಟಿ ಬಡದು ಹಾಕ್ತೀನಿ. ಆದ್ರ ನನಗ ಏನೂ ಕೇಳಬ್ಯಾಡ ಅನ್ನು."

ವೀಸಾ ಇನ್ನೂ ಬಂದಿಲ್ಲ. ದಿನಾ ಬೆಂಚಿನಿಂದ ತಲೆಯೆತ್ತಿ, ಇನ್ನೂ ಇಲ್ಲ ಎಂದು ಅವಳು ಹೇಳುತ್ತಾಳೆ. ಅತ್ತೆಯ ಮಾತನ್ನು ನಾನು ಇನ್ನೂ ಅವಳಿಗೆ ಹೇಳಿಲ್ಲ.