ಕ್ಯಾಬಿನೆಟ್ಟಿನೊಳಗೆ ದಿನಕರಣ್ಣನ ಗಂಟು

ಹೊನ್ನಾವರದಲ್ಲಿ ನಾನು ಕಂಪ್ಯೂಟರ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಭಟ್ಕಳದಿಂದ ಕುಮಟೆಯವರೆಗೆ ಎಷ್ಟೋ ಮನೆ, ಸೊಸೈಟಿ, ಸ್ಟುಡಿಯೋಗಳಲ್ಲಿ ನಾನು ಜೋಡಿಸಿದ ಮಶೀನುಗಳಿವೆ. ಗುರುದತ್ತನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ, ಅದು ಸುಳ್ಳೇನಲ್ಲ. ಇನ್ನೊಬ್ಬರ ಕೆಲಸವನ್ನು ಬಾಯ್ತುಂಬ ಹೊಗಳುವ ಅಭ್ಯಾಸವೂ ನನಗಿಲ್ಲ. ಹಾಗಿದ್ದವನು ಇವತ್ತು ದಿನಕರಣ್ಣನ ಬಗ್ಗೆ ಬರೆಯಲು ಕೂತಿದ್ದೇನೆ ಅಂದರೆ, ಆ ಮನುಷ್ಯ ನನ್ನ ಸೊಕ್ಕನ್ನು ಎಷ್ಟು ಇಳಿಸಿರಬೇಕು ನೀವೇ ಯೋಚಿಸಿ.

ಅವರ ಹೆಂಡತಿ ಬೆಳ್ಳಿ ಟೊಂಕ ಎಂಬ ಮೀನುಗಾರರ ಊರಿನಿಂದ ಮೀನಿನ ಬುಟ್ಟಿ ಹೊತ್ತು ನಮ್ಮ ಕೇರಿಗೆ ಬರುವವಳು. ಒಂದು ದಿನ ಬಂಗಡೆ ಆರಿಸಿಕೊಡುತ್ತಾ ತಲೆ ಎತ್ತದೆ ಕೇಳಿದಳು.

"ಗುರುದತ್ತಣ್ಣ, ನಮ್ಮನೆಯವ್ರನ್ನ ನಿಮ್ಮ ಅಂಗಡೀಲಿ ಒಂದು ಬದಿ ಕೂರಿಸ್ಕೊಳ್ತ್ರಾ?"

"ಎಂತಕ್ಕೆ? ಅವ್ರಿಗೆ ಕಂಪ್ಯೂಟರ್ ಬತ್ತದ್ಯಾ?"

"ಎಂತದೂ ಬರುದಿಲ್ಲ. ಕೆಲ್ಸ ಕೊಡ್ದಿದ್ರೂ ಅಡ್ಡಿಲ್ಲ. ಹೀಂಗೇ ಗೋಡೆ ನೋಡ್ತಾ ಕೂತ್ರೆ ಮನ್ಷ ಉಳಿಯುದಿಲ್ಲ."

ಸಂಗತಿ ನನಗೂ ಗೊತ್ತಿತ್ತು. ದಿನಕರಣ್ಣ ಮೂವತ್ತು ವರ್ಷ ಬೋಟಿನಲ್ಲಿ ದುಡಿದವರು, ಬಲೆಯ ಕೆಲಸದಲ್ಲಿ ಎತ್ತಿದ ಕೈ. ಒಂಬತ್ತು ತಿಂಗಳ ಹಿಂದೆ ಬಲೆ ಎಳೆಯುವ ಯಂತ್ರಕ್ಕೆ ಬಲಗೈ ಸಿಕ್ಕಿ ಎರಡು ಬೆರಳು ಹೋದವು. ಬೋಟಿನವರು ಆಸ್ಪತ್ರೆಗೆ ಓಡಾಡಿದರು, ಚೆನ್ನಾಗಿಯೇ ನೋಡಿಕೊಂಡರು. ಕೊನೆಗೆ, "ಸಾಕು ಮಾರಾಯಾ, ಇನ್ನು ಮನೇಲಿ ಆರಾಮಾಗಿರು" ಎಂದರು. ಪ್ರೀತಿಯಿಂದಲೇ ಹೇಳಿದ ಮಾತು ಅದು. ಆದರೆ ಅಂದಿನಿಂದ ದಿನಕರಣ್ಣ ಬಂದರಿನ ಕಡೆ ಹೋಗಲಿಲ್ಲ, ಆ ಕೈಯನ್ನು ಟವೆಲಿನಿಂದ ಹೊರಗೆ ತೆಗೆಯಲೂ ಇಲ್ಲ. ಇನ್ನು ತನ್ನಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ ಎಂದು ಅವರು ತೀರ್ಮಾನಿಸಿಕೊಂಡಿದ್ದಾರೆ ಎಂಬುದೇ ಬೆಳ್ಳಿಯ ಭಯ.

ಕರುಣೆಯಿಂದಲ್ಲ, ಬೆಳ್ಳಿಯ ಬಾಯಿ ತಪ್ಪಿಸಿಕೊಳ್ಳಲಿಕ್ಕೆ ನಾನು ಹೂಂ ಅಂದೆ.

ಮೊದಲ ದಿನ ಅವರನ್ನು ಏನು ಮಾಡುವುದೆಂದೇ ನನಗೆ ತಿಳಿಯಲಿಲ್ಲ. ಅಂಗಡಿಯ ಹಿಂದೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯಿತ್ತು. ಹತ್ತು ವರ್ಷದ ಹಳೇ ಕೇಬಲ್ಲುಗಳನ್ನು ಅದರೊಳಗೆ ತುರುಕುತ್ತಾ ಬಂದಿದ್ದೆ. ಒಂದನ್ನು ಎಳೆದರೆ ಹದಿನೈದು ಎದ್ದು ಬರುತ್ತಿದ್ದವು. "ಇದನ್ನ ಬಿಡಿಸಿ ನೋಡಿ" ಎಂದು ಮುಂದೆ ಇಟ್ಟೆ, ಒಂದು ವಾರ ನೆಮ್ಮದಿ ಎಂದುಕೊಂಡು.

ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಗೋಡೆಯ ಮೊಳೆಗಳ ಮೇಲೆ ಕೇಬಲ್ಲುಗಳು ಉದ್ದದ ಪ್ರಕಾರ ಸಾಲಾಗಿ ತೂಗುತ್ತಿದ್ದವು. ಪ್ರತಿಯೊಂದೂ ತನ್ನಷ್ಟಕ್ಕೆ ಸುರುಳಿ ಸುತ್ತಿಕೊಂಡು, ಮುಟ್ಟಿದರೆ ಬಿಚ್ಚಿಕೊಳ್ಳುವಂತೆ ಇತ್ತು. ತುದಿಯ ಪಿನ್ನುಗಳಲ್ಲಿ ಒಂದೂ ಬಾಗಿರಲಿಲ್ಲ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮೂರು ಬೆರಳಿನ ಒಂದು ಕೈ, ಐದು ಬೆರಳಿನ ಇನ್ನೊಂದು ಕೈ, ಅರ್ಧ ದಿನ! ಹೊಗಳಬೇಕೆನಿಸಿತು. ಆದರೆ, "ಹೂಂ, ಅಡ್ಡಿಲ್ಲ" ಎಂದಷ್ಟೇ ಹೇಳಿದೆ. ನನ್ನ ಸ್ವಭಾವವೇ ಹಾಗೆ.

ಮೂರನೆಯ ದಿನ ಅವರ ಕಣ್ಣು ನನ್ನ ಮೇಜಿನ ಮೇಲೆ ತೆರೆದಿಟ್ಟ ಒಂದು ಕ್ಯಾಬಿನೆಟ್ಟಿನ ಮೇಲೆ ಬಿತ್ತು. ಕಂಪ್ಯೂಟರಿನ ಡಬ್ಬಿಯನ್ನು ನಮ್ಮಲ್ಲಿ ಹಾಗೇ ಕರೆಯುವುದು. ಒಳಗೆ ವಿದ್ಯುತ್ ಹಂಚುವ ಪೆಟ್ಟಿಗೆಯಿಂದ ಹೊರಟ ತಂತಿಗಳು ಎಲ್ಲೆಂದರಲ್ಲಿ ಬಿದ್ದುಕೊಂಡಿದ್ದವು. ಮುಚ್ಚಳ ಹಾಕಿದರೆ ಯಾರಿಗೆ ಕಾಣುತ್ತದೆ ಎಂಬುದು ಇಪ್ಪತ್ತೆರಡು ವರ್ಷದ ನನ್ನ ಸಿದ್ಧಾಂತ.

"ಇದೆಂತ ಅವಸ್ಥೆ?" ಎಂದರು ದಿನಕರಣ್ಣ. ನನ್ನ ಅಂಗಡಿಯಲ್ಲಿ ಅವರಾಗಿಯೇ ಆಡಿದ ಮೊದಲ ಮಾತು ಅದು.

"ನಡೀತದಲ್ಲ, ಸಾಕು."

"ಗಾಳಿ ಯಾವ ಬದಿಯಿಂದ ಬತ್ತದೆ?"

ಮುಂದಿನ ಫ್ಯಾನು ಗಾಳಿ ಎಳೆಯುತ್ತದೆ, ಹಿಂದಿನದು ಬಿಸಿಯನ್ನು ಹೊರಹಾಕುತ್ತದೆ ಎಂದು ತೋರಿಸಿದೆ. ಅವರು ಸ್ಟೂಲು ಎಳೆದುಕೊಂಡು ಕೂತರು. ಒಂದು ಗಂಟೆ ಸುಮ್ಮನೆ ನೋಡಿದರು. ಯಾವ ತಂತಿ ಎಲ್ಲಿಂದ ಹೊರಡುತ್ತದೆ, ಎಲ್ಲಿಗೆ ಸೇರಬೇಕು, ಯಾವುದನ್ನು ಎಷ್ಟು ಬಾಗಿಸಬಹುದು ಎಂದು ಒಂದೊಂದನ್ನೇ ಕೇಳಿದರು. ಆಮೇಲೆ ಜೇಬಿನಿಂದ ಬಲೆಯ ಹಸಿರು ನೂಲಿನ ಒಂದು ತುಂಡು ತೆಗೆದು, ಮೊದಲು ಆ ನೂಲನ್ನೇ ದಾರಿಯುದ್ದಕ್ಕೂ ಹಾಸಿ ಅಳತೆ ನೋಡಿದರು. ಮದರ್‌ಬೋರ್ಡ್ ಕೂರಿಸುವ ತಗಡಿನ ಹಿಂದೆ ಎರಡು ಬೆರಳು ಹೋಗುವಷ್ಟು ಜಾಗವಿದೆ. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡವನಲ್ಲ. ಅವರಿಗೆ ಕಂಡದ್ದೇ ಅದು.

ದಪ್ಪದ ತಂತಿ ಮೊದಲು, ತೆಳುವಿನದು ಅದರ ಮೇಲೆ. ಒಂದರ ಮೇಲೊಂದು ಅಡ್ಡ ದಾಟಬಾರದು. ತಿರುವಿನಲ್ಲಿ ಬಿಗಿಯಬಾರದು, ಅಲ್ಲಿ ತುಸು ಸಡಿಲ ಬಿಡಬೇಕು, ಇಲ್ಲದಿದ್ದರೆ ಎಳೆತವೆಲ್ಲ ಕೊನೆಯ ಜೋಡಣೆಯ ಮೇಲೆ ಬೀಳುತ್ತದೆ. ಇದನ್ನೆಲ್ಲ ನನಗೆ ಅವರು ಪಾಠ ಮಾಡಲಿಲ್ಲ, ಕೈ ನೋಡಿ ನಾನೇ ಕಲಿತೆ. ಟವೆಲು ಯಾವಾಗಲೋ ನೆಲಕ್ಕೆ ಬಿದ್ದಿತ್ತು. ಅವರು ಗಮನಿಸಿರಲಿಲ್ಲ. ಉಳಿದ ಮೂರು ಬೆರಳುಗಳು ಆ ಇಕ್ಕಟ್ಟಿನಲ್ಲಿ ಓಡಾಡುವುದನ್ನು ನೋಡುತ್ತಾ ನನಗೆ ಮೈ ಜುಂ ಎಂದಿತು.

ಮುಗಿದಾಗ ಒಳಗೆ ತಂತಿಗಳೇ ಇರಲಿಲ್ಲ. ಅಂದರೆ ಇದ್ದವು, ಬೇಕಾದಲ್ಲಿ ತಗಡಿನ ಕಿಂಡಿಯಿಂದ ಒಂದಿಷ್ಟು ಮುಖ ತೋರಿಸಿ, ಬಾಗಿ, ತಮ್ಮ ಜಾಗಕ್ಕೆ ಕೂತಿದ್ದವು. ಉಳಿದದ್ದೆಲ್ಲ ಖಾಲಿ, ಸ್ವಚ್ಛ. ಮಶೀನು ಚಾಲೂ ಮಾಡಿದೆ. ಮೊದಲಿಗಿಂತ ಮೂರು ನಾಲ್ಕು ಡಿಗ್ರಿ ತಣ್ಣಗೆ ಓಡಿತು. ಒಳಗಿನ ಧೂಳು ಒರೆಸಿದ್ದರಿಂದಲೂ ಇರಬಹುದು, ಎಲ್ಲ ತಂತಿಯ ಮಹಿಮೆ ಎಂದು ನಾನು ಹೇಳುವುದಿಲ್ಲ. ಆದರೆ ಆ ಶಬ್ದ! ಫ್ಯಾನಿನ ರೆಕ್ಕೆಗೆ ಯಾವುದೋ ತಂತಿ ಸವರುತ್ತಿದ್ದ ಕಿರಿಕಿರಿಯನ್ನು ಇಷ್ಟು ವರ್ಷ ನಾನು ಕಂಪ್ಯೂಟರಿನ ಸಹಜ ಸದ್ದು ಎಂದೇ ತಿಳಿದಿದ್ದೆ. ಅದು ನಿಂತುಹೋಗಿತ್ತು.

ಅಂದಿನಿಂದ ದಿನಕರಣ್ಣ ಹೊತ್ತಿಗೆ ಮುಂಚೆ ಬರತೊಡಗಿದರು. ಬೆಳ್ಳಿ ನನಗೆ ದೊಡ್ಡ ದೊಡ್ಡ ಬಂಗಡೆಯನ್ನೇ ಆರಿಸಿ ಕೊಡತೊಡಗಿದಳು.

ಭಟ್ಕಳದಲ್ಲಿ ಮದುವೆಯ ವಿಡಿಯೋ ಎಡಿಟ್ ಮಾಡುವ ಹೇಮಾ ಎಂಬವರು ಗಾಜಿನ ಪಕ್ಕೆಯ ಮಶೀನು ಬೇಕೆಂದರು. "ಸರ್, ಗಿರಾಕಿಗಳು ನನ್ನೆದುರೇ ಕೂತ್ಕೊಳ್ತಾರೆ. ಒಳಗೆ ಒಂದು ವೈರೂ ಕಾಣಬಾರದು" ಎಂದು ಷರತ್ತು ಹಾಕಿದರು. ದಿನಕರಣ್ಣ ಎರಡು ದಿನ ಅದರ ಮೇಲೆ ಕೂತರು. ತಂತಿ ಕಟ್ಟಲು ನಾನು ಕೊಟ್ಟ ಪ್ಲಾಸ್ಟಿಕ್ ಟೈಗಳನ್ನು ಮುಟ್ಟಲಿಲ್ಲ. ಬಲೆಯ ನೂಲಿಗೆ ಮೇಣದ ಬತ್ತಿ ಉಜ್ಜಿ, ಹಿಂಬದಿಯ ತಂತಿಗಳ ಕಟ್ಟನ್ನು ಕೆಳಗಿನಿಂದ ಮೇಲಿನವರೆಗೆ ಒಂದೇ ನೂಲಿನಲ್ಲಿ ಹೆಣೆದರು. ಸರಪಳಿಯಂತೆ ಕುಣಿಕೆಯೊಳಗೆ ಕುಣಿಕೆ, ಒಂದೊಂದೂ ಒಂದೇ ಅಳತೆ.

ಮಶೀನು ಒಯ್ಯಲು ಹೇಮಾ ಬಂದರು. ಗಾಜಿಗೆ ಮುಖ ಹಚ್ಚಿ ನೋಡಿದರು, ಹಿಂಬದಿಯ ಮುಚ್ಚಳ ತೆಗೆಸಿ ಅಲ್ಲಿಯೂ ನೋಡಿದರು.

"ಯಾರು ಸರ್ ಇದನ್ನ ಕಟ್ಟಿದ್ದು?"

ದಿನಕರಣ್ಣ ಏನೋ ತೋರಿಸುವುದಕ್ಕೆ ಸ್ಟೂಲಿನಿಂದ ಅರ್ಧ ಎದ್ದಿದ್ದರು. ನನ್ನ ಬಾಯಿಗೆ ಅದೇನು ಬಡಿಯಿತೋ, "ನಾನೇ. ಇಪ್ಪತ್ತೆರಡು ವರ್ಷದ ಅನುಭವ ಅಲ್ವಾ" ಎಂದುಬಿಟ್ಟೆ. ಮೀನುಗಾರರೊಬ್ಬರು ಇದರೊಳಗೆ ಕೈ ಹಾಕಿದ್ದಾರೆ ಅಂದರೆ ಗಿರಾಕಿ ಹೆದರಬಹುದು ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಅದಲ್ಲ. ಆ ಹೊಗಳಿಕೆ ನನಗೆ ಬೇಕಾಗಿತ್ತು.

ದಿನಕರಣ್ಣ ಕೂತರು. ಟವೆಲು ಹುಡುಕಿ ಕೈಗೆ ಸುತ್ತಿಕೊಂಡರು. ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ವಾರ ಕಳೆದ ಮೇಲೆ ಬೆಳ್ಳಿ ನಮ್ಮ ಮನೆಯ ಮುಂದೆ ಬುಟ್ಟಿ ಇಳಿಸದೆಯೇ ಕೇಳಿದಳು. "ಅವ್ರು ಮತ್ತೆ ಗೋಡೆಗೆ ಮುಖ ಮಾಡಿದ್ರು. ಊಟಾನೂ ಸರಿ ಮಾಡುದಿಲ್ಲ. ಎಂತ ಹೇಳಿದ್ರಿ ನೀವು ಅವ್ರಿಗೆ?"

"ನಾನು ಅವ್ರಿಗೆ ಎಂತದೂ ಹೇಳ್ಲಿಲ್ಲ" ಎಂದೆ. ಅಷ್ಟು ನೀಚತನ ನನ್ನಲ್ಲಿ ಇನ್ನೂ ಉಳಿದಿತ್ತು.

ಅವತ್ತೇ ಬೆಳಿಗ್ಗೆ ಹೇಮಾ ಫೋನು ಮಾಡಿದರು. ಡಿಸ್ಕ್ ತುಂಬಿಹೋಗಿದೆ, ಸಂಜೆಯೊಳಗೆ ಇನ್ನೊಂದು ಜೋಡಿಸಿಕೊಡಿ ಎಂದರು. ಹೊಸ ಡಿಸ್ಕಿಗೆ ವಿದ್ಯುತ್ ಬೇಕು, ಅದರ ತಂತಿ ಆ ಕಟ್ಟಿನೊಳಗೇ ಇದೆ. ಭಟ್ಕಳಕ್ಕೆ ಹೋಗಿ ಮಶೀನಿನ ಹಿಂಬದಿಯ ಮುಚ್ಚಳ ತೆಗೆದೆ. ನೂಲಿಗೆ ಕೆಳಗೊಂದು ತುದಿ, ಮೇಲೊಂದು ತುದಿ. ಕೆಳಗಿನದನ್ನು ಎಳೆದೆ. ಗಂಟು ಇನ್ನೂ ಬಿಗಿಯಿತು. ಜೋರಾಗಿ ಎಳೆದೆ. ನೂಲು ತಂತಿಗಳ ಸಂದಿನಲ್ಲಿ ಹೂತುಹೋಯಿತು. ಕತ್ತರಿ ಇಟ್ಟರೆ ತಂತಿಯ ಸಿಪ್ಪೆಯೂ ಹೋಗುವ ಸ್ಥಿತಿ. ಅದಕ್ಕಿಂತ ಹೆಚ್ಚಾಗಿ, ಆ ಹೆಣಿಗೆಗೆ ಕತ್ತರಿ ಹಾಕಲು ಕೈ ಬರಲಿಲ್ಲ.

ಹೇಮಾ ಕೈಕಟ್ಟಿ ನೋಡುತ್ತಿದ್ದರು. "ನೀವೇ ಕಟ್ಟಿದ್ದಲ್ವಾ ಸರ್?"

ಬೆವರು ಒರೆಸಿಕೊಂಡೆ. "ಅಲ್ಲ" ಎಂದೆ. "ನಮ್ಮಲ್ಲಿ ದಿನಕರಣ್ಣ ಅಂತ ಇದ್ದಾರೆ. ಬೋಟಿನಲ್ಲಿ ಕೆಲಸ ಮಾಡಿದವ್ರು. ಅವತ್ತು ಅಲ್ಲೇ ಕೂತಿದ್ರಲ್ಲ, ಅವ್ರು ಕಟ್ಟಿದ್ದು. ನಾನು ಸುಳ್ಳು ಹೇಳ್ದೆ."

"ಹಾಗಾದ್ರೆ ಅವ್ರನ್ನೇ ಕರ್ಕೊಂಡು ಬನ್ನಿ. ಅಲ್ಲೀವರೆಗೆ ನೀವು ಇದನ್ನ ಮುಟ್ಟಬೇಡಿ."

ಬೈಕು ಹತ್ತಿ ಸೀದಾ ಟೊಂಕಕ್ಕೆ ಹೋದೆ. ಬೆಳ್ಳಿ ಇನ್ನೂ ಮೀನು ಮಾರಿ ಬಂದಿರಲಿಲ್ಲ. ದಿನಕರಣ್ಣ ಒಳಗೆ, ಬೆಳ್ಳಿ ಹೇಳಿದ ಹಾಗೆಯೇ ಕೂತಿದ್ದರು. ನಾನು ಹೊಸ್ತಿಲಲ್ಲೇ ಕೂತು ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಎಂದೆ. ಈ ಮಾತು ನಾನು ಯಾವಾಗ ಯಾರಿಗೆ ಹೇಳಿದ್ದೆನೋ ನೆನಪಿಲ್ಲ. ಅವರು ತಿರುಗಲಿಲ್ಲ. ಇನ್ನು ಏಳೋಣ ಎಂದುಕೊಳ್ಳುವಾಗ ಕೇಳಿದರು.

"ಯಾವ ತುದಿ ಎಳೆದ್ರಿ?"

"ಕೆಳಗಿಂದು."

"ಥೋ! ಕೆಳಗಿಂದು ಎಳೀತಾರಾ ಯಾರಾದ್ರೂ?" ಎಂದು ಬೈಯುತ್ತಲೇ ಎದ್ದು ಅಂಗಿ ಹಾಕಿಕೊಂಡರು.

ಹೇಮಾರ ಸ್ಟುಡಿಯೋ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಲೆಯ ಹತ್ತಿರ ಹೋಗುವ ಹಾಗೆಯೇ ಮಶೀನಿನ ಹತ್ತಿರ ಹೋದರು. ನಾನು ಕೆಡಿಸಿಟ್ಟದ್ದನ್ನು ಒಂದು ಬಿದಿರಿನ ಕಡ್ಡಿಯಿಂದ ಎಬ್ಬಿಸಿ ಸಡಿಲ ಮಾಡಲು ಕಾಲು ಗಂಟೆ ಹಿಡಿಯಿತು. ಆಮೇಲೆ ಮೇಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಒಮ್ಮೆ ಎಳೆದರು.

ಚರ್ರೆಂದು ಅಷ್ಟೂ ಬಿಚ್ಚಿಕೊಂಡಿತು. ಮೇಲಿನಿಂದ ಕೆಳಗಿನವರೆಗೆ ಕುಣಿಕೆಗಳು ಒಂದರ ಹಿಂದೊಂದು ಓಡಿ ಮುಗಿದವು, ನೂಲು ಇಡಿಯಾಗಿ ಅವರ ಕೈಯಲ್ಲಿತ್ತು. ತಂತಿಗಳು ತಮ್ಮ ಸಾಲು ಬಿಟ್ಟು ಅಲುಗಲಿಲ್ಲ. ಹೇಮಾ "ಅಯ್ಯೋ ದೇವ್ರೇ" ಎಂದರು.

"ಟ್ರಾಲ್ ಬಲೆಯ ಬಾಲಕ್ಕೆ, ಮೀನು ಬಂದು ತುಂಬುವ ತುದಿಗೆ, ಹಾಕುವ ಗಂಟು ಇದು" ಎಂದರು ದಿನಕರಣ್ಣ. "ನೀರೊಳಗೆ ಎಷ್ಟು ಮೀನು ತುಂಬಿದ್ರೂ ಬಿಚ್ಚಬಾರದು. ಬೋಟಿನ ಮೇಲೆ ಬಂದ ಕೂಡ್ಲೆ ಒಂದೇ ಎಳೆತಕ್ಕೆ ಬಿಚ್ಚಬೇಕು. ಕಟ್ಟಿದವನೇ ಎಳೆಯುದು, ಬೇರೆಯವ್ರು ಕೈ ಹಾಕುದಿಲ್ಲ."

"ಆದ್ರೆ ಮಶೀನು ಹೊನ್ನಾವರ ಬಿಟ್ಟು ಇಲ್ಲಿಗೆ ಬಂತಲ್ಲ ದಿನಕರಣ್ಣ" ಎಂದೆ. "ಇಲ್ಲಿ ಎಳೆಯೋರು ಯಾರು?"

ಅವರು ನೂಲಿಗೆ ಮತ್ತೆ ಮೇಣ ಉಜ್ಜುತ್ತಿದ್ದರು. "ಅದು ನಂದೇ ತಪ್ಪು. ಬೋಟಲ್ಲಿ ಕಟ್ಟಿದವ ಬಿಚ್ಚುವಾಗ್ಲೂ ಅಲ್ಲೇ ಇರ್ತ. ನಾನೂ ಇರುದೇ ಅಂದ್ಕಂಡು ಕಟ್ಟಿದೆ."

ನನಗೆ ತಲೆ ಎತ್ತಲಾಗಲಿಲ್ಲ. ಈ ಮನುಷ್ಯ ನನ್ನ ಅಂಗಡಿಯನ್ನು ತನ್ನ ಬೋಟು ಎಂದು ತಿಳಿದಿದ್ದರು. ನಾನು ಅವರನ್ನು ಒಂದೇ ಮಾತಿನಲ್ಲಿ ದಡಕ್ಕೆ ಇಳಿಸಿಬಿಟ್ಟಿದ್ದೆ.

ಹೊಸ ಡಿಸ್ಕ್ ಕೂರಿಸಿದೆ. ಅವರು ಮೇಲಿನ ತುದಿಗೆ ಕೆಂಪು ದಾರದ ಗುರುತು ಇಟ್ಟು, ಯಾವುದನ್ನು ಎಳೆಯಬೇಕೆಂದು ಹೇಮಾರಿಗೆ ತೋರಿಸಿಕೊಟ್ಟು, ಮತ್ತೆ ಕೆಳಗಿನಿಂದ ಹೆಣೆಯತೊಡಗಿದರು. ಅರ್ಧಕ್ಕೆ ಬಂದಾಗ ನನ್ನ ಫೋನು ಬಡಿದುಕೊಂಡಿತು. ಬೆಳ್ಳಿ. ಮನೆಗೆ ಬಂದರೆ ಗಂಡ ಇಲ್ಲ.

"ಗುರುದತ್ತಣ್ಣ, ಅವ್ರು ಎಲ್ಲೂ ಕಾಣುದಿಲ್ಲ. ನಿಮ್ಮಲ್ಲಿಗೆ ಬಂದಿದ್ರಾ?"

ದಿನಕರಣ್ಣನ ಎರಡೂ ಕೈ ಕ್ಯಾಬಿನೆಟ್ಟಿನೊಳಗಿದ್ದವು. ನಾನೇ ಫೋನನ್ನು ಅವರ ಕಿವಿಗೆ ಹಿಡಿದೆ. ಅವರು ತಂತಿಯಿಂದ ಕಣ್ಣು ತೆಗೆಯದೆ, ತುಸು ಸಿಡುಕಿನಿಂದ, "ಎಂತ ಮಾರಾಯ್ತಿ? ನಂಗೆ ಕೆಲ್ಸ ಅದೆ, ಆಮೇಲೆ ಮಾತಾಡ್ವ" ಎಂದು ಫೋನನ್ನು ಭುಜದಿಂದ ಆಚೆ ತಳ್ಳಿದರು.

ಫೋನನ್ನು ನನ್ನ ಕಿವಿಗೆ ಇಟ್ಟುಕೊಂಡೆ. ಲೈನು ಕಟ್ಟಾಯಿತೋ ಎಂದು ನೋಡಿದೆ, ಆಗಿರಲಿಲ್ಲ.

"ಗುರುದತ್ತಣ್ಣ," ಎಂದಳು ಬೆಳ್ಳಿ, "ಅವ್ರು ಈಗ ಎಂತ ಹೇಳಿದ್ರು, ಇನ್ನೊಂದ್ಸಲ ಹೇಳಿ."

ನಾನು ಇನ್ನೊಂದು ಸಲ ಹೇಳಿದೆ.